ತಾಲೀಮು, ತರಬೇತಿ ಮತ್ತು ನಮ್ಮ ಹುಡುಗರು

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದವರನ್ನು ಎರಡು ಪದಗಳು ಸ್ವಲ್ಪ ಕಾಲ ಗೊಂದಲಕ್ಕೆ ಕೆಡವುತ್ತವೆ. ಒಂದು ‘ತಾಲೀಮು’, ಇನ್ನೊಂದು ‘ತರಬೇತಿ’. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ, ಓದು. ಇಲ್ಮ್, ಆಲಿಮ್, ಮುಅಲ್ಲಿಮ್ ಇವೆಲ್ಲ ಅದೇ ಅರಬಿ ಧಾತುವಿನಿಂದ ಹುಟ್ಟಿದವು. ತರಬಿಯತ್ ಎಂದರೆ ಬೆಳೆಸುವುದು: ಹಿರಿಯರ ಮುಂದೆ ಕೂರುವ ರೀತಿ, ಮಾತಾಡುವ ಬಗೆ, ಬಂದ ಸಿಟ್ಟನ್ನು ನುಂಗುವುದು, ಕೊಟ್ಟ ಮಾತು ಉಳಿಸಿಕೊಳ್ಳುವುದು. ಕನ್ನಡಕ್ಕೆ ಬರುವ ದಾರಿಯಲ್ಲಿ ಈ ಎರಡೂ ಪದಗಳು ತಮ್ಮ ಅಂಗಿ ಬದಲಿಸಿಕೊಂಡವು. ಇಲ್ಲಿ ತಾಲೀಮು ಎಂದರೆ ಗರಡಿಯ ಸಾಮು, ನಾಟಕದ ಅಭ್ಯಾಸ. ತರಬೇತಿ ಎಂದರೆ ಕಸುಬಿಗೋ ನೌಕರಿಗೋ ಮಾಡಿಕೊಳ್ಳುವ ಸಿದ್ಧತೆ. ಪುಸ್ತಕದ್ದು ಮೈಗಿಳಿಯಿತು, ಮನಸ್ಸಿನದು ಕೈಗೆ ಬಂತು. ಇದನ್ನು ಅಪಭ್ರಂಶ ಎಂದು ತಳ್ಳಿಹಾಕುವವರಿದ್ದಾರೆ. ನನಗಂತೂ ಇದರಲ್ಲಿ ಕನ್ನಡದ ಜನಸಾಮಾನ್ಯರ ವಿವೇಕವೇ ಕಾಣುತ್ತದೆ.

ಈಗ ಈ ಎರಡನ್ನೂ ಜೊತೆಗಿಡುವ ಮಾತು ಎಲ್ಲೆಲ್ಲೂ ಕೇಳಿಬರುತ್ತಿದೆ. ಶಾಲೆಯ ಪಾಠದ ಜೊತೆಗೆ ‘ಜೀವನ ಕೌಶಲ’ ಕಲಿಸಬೇಕು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇಂಥ ಹತ್ತು ಕೌಶಲಗಳ ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ನಿರ್ಧಾರ ತೆಗೆದುಕೊಳ್ಳುವುದು, ಒತ್ತಡ ತಾಳಿಕೊಳ್ಳುವುದು ಎಲ್ಲ ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ನಮ್ಮ ಶಾಲೆಗಳಿಗೆ ಹೊಂದುವಂತೆ ಪಾಠಗಳಾಗಿ ರೂಪಿಸಿತು. 2014-15ರಿಂದ ಯುವಜನ ಸೇವಾ ಇಲಾಖೆಯ ಜೊತೆ ಸೇರಿ ‘ಯುವ ಸ್ಪಂದನ’ ಎಂಬ ಕಾರ್ಯಕ್ರಮವನ್ನೂ ನಡೆಸಿತು. ಒಳ್ಳೆಯ ಕೆಲಸವೇ. ಆದರೆ ಇದು ಜಿನೀವಾದಿಂದ ಇಳಿದು ಬಂದ ಹೊಸ ವಿಚಾರವೆಂಬಂತೆ ಕೆಲವರು ಭಾಷಣ ಮಾಡುವಾಗ ನನಗೆ ತುಮಕೂರು, ಗುಬ್ಬಿ, ಕುಣಿಗಲ್ ನೆನಪಾಗುತ್ತವೆ. ಒಂದೇ ಜಿಲ್ಲೆಯೊಳಗೆ, ಒಂದು ದಿನದಲ್ಲಿ ಸುತ್ತಿ ಬರಬಹುದಾದ ಈ ಮೂರು ಊರುಗಳಲ್ಲಿ ಗಂಡುಹುಡುಗರನ್ನು ಬೆಳೆಸಿದ ಮೂರು ಬೇರೆ ಬೇರೆ ಪಾಠಶಾಲೆಗಳ ಇತಿಹಾಸವಿದೆ. ಅದರಲ್ಲಿ ಒಂದನ್ನು ಮಾತ್ರ ನಾವು ಶಾಲೆ ಎಂದು ಕರೆಯುತ್ತೇವೆ.

ಮೊದಲು ಅದನ್ನೇ ನೋಡೋಣ. ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಕ್ಯಾತ್ಸಂದ್ರದ ಬಳಿ ಸಿದ್ಧಗಂಗಾ ಮಠ. ಅಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾದಾಗ ಮಠಾಧ್ಯಕ್ಷರಾಗಿದ್ದವರು ಉದ್ಧಾನ ಶಿವಯೋಗಿಗಳು. ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದು, ತುಮಕೂರಿನಲ್ಲಿ ಹೈಸ್ಕೂಲು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮುಂದಿನ ಓದು ನಡೆಸಿದ ಯುವಕನೊಬ್ಬ 1930ರಲ್ಲಿ ಅಲ್ಲಿ ಸನ್ಯಾಸ ಸ್ವೀಕರಿಸಿ ಶಿವಕುಮಾರ ಸ್ವಾಮಿಯಾದರು. 1941ರಲ್ಲಿ ಮಠದ ಹೊಣೆ ಅವರ ಹೆಗಲಿಗೆ ಬಂತು. 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಅವರು ಕಾಲವಾಗುವ ಹೊತ್ತಿಗೆ ಅಲ್ಲಿ ಉಚಿತವಾಗಿ ಉಂಡು, ಉಳಿದು, ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಎಲ್ಲ ಜಾತಿಯವರು, ಎಲ್ಲ ಧರ್ಮದವರು. ಅವರಲ್ಲಿ ಮುಸ್ಲಿಮ್ ಹುಡುಗರೂ ಇದ್ದರು, ಸಂಸ್ಕೃತ ಓದುತ್ತಿದ್ದರು.

ಸಿದ್ಧಗಂಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅನ್ನದ ಬಗ್ಗೆ ಬರೆಯುತ್ತಾರೆ. ಅದು ನ್ಯಾಯವೇ. ಬರಗಾಲದ ವರ್ಷಗಳಲ್ಲಿ ಅಷ್ಟು ಮಕ್ಕಳ ಮುಂದೆ ತಟ್ಟೆ ಇಡುವುದು ಸಣ್ಣ ಮಾತಲ್ಲ. ಮಧ್ಯಾಹ್ನದ ಬಿಸಿಯೂಟಕ್ಕೆ ನಮ್ಮ ಸರ್ಕಾರ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ಆ ಪದ ಯಾವ ಪರಂಪರೆಯಿಂದ ಬಂತು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನನ್ನ ಗಮನ ಇರುವುದು ಬೇರೆ ಕಡೆ. ಅಲ್ಲಿನ ಹುಡುಗ ಬೆಳಕು ಹರಿಯುವ ಮೊದಲು ಏಳಬೇಕು. ತನ್ನ ಬಟ್ಟೆ ತಾನೇ ಒಗೆದುಕೊಳ್ಳಬೇಕು. ಬೆಳಿಗ್ಗೆ ಸಂಜೆ ಸಾವಿರಾರು ಮಂದಿಯ ಜೊತೆ ನೆಲದ ಮೇಲೆ ಸಾಲಾಗಿ ಪ್ರಾರ್ಥನೆಗೆ ಕೂರಬೇಕು. ಊಟದ ಹೊತ್ತಿಗೆ ಬಡಿಸುವ ಕೈಗಳಲ್ಲಿ ಅವನದೂ ಒಂದು. ಪಂಕ್ತಿಯಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಕೇಳುವಂತಿಲ್ಲ. ನಮ್ಮ ಮನೆಗಳಲ್ಲಿ, ಹಿಂದೂ ಮನೆಯಿರಲಿ ಮುಸ್ಲಿಮ್ ಮನೆಯಿರಲಿ, ಗಂಡುಮಗ ತಾನು ಉಂಡ ತಟ್ಟೆಯನ್ನು ಎತ್ತುವುದಿಲ್ಲ. ಅಮ್ಮ ಎತ್ತುತ್ತಾಳೆ, ಇಲ್ಲದಿದ್ದರೆ ಅಕ್ಕ ಎತ್ತುತ್ತಾಳೆ. ಹದಿನೈದು ವರ್ಷ ಹೀಗೆ ಬೆಳೆದ ಹುಡುಗನಿಗೆ ‘ಸಹಾನುಭೂತಿ’ ಎಂಬ ಅಧ್ಯಾಯವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಎಷ್ಟು ದಕ್ಕೀತು? ಸಿದ್ಧಗಂಗೆಯಲ್ಲಿ ಅದು ಅಧ್ಯಾಯವಾಗಿರಲಿಲ್ಲ. ಸರದಿಯ ಕೆಲಸವಾಗಿತ್ತು.

ಶಿವರಾತ್ರಿಯ ಜಾತ್ರೆಯನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಮಠದ ಜಾತ್ರೆಗೆ ದನಗಳ ಪರಿಷೆ ಸೇರುತ್ತದೆ. ಅದರ ಜೊತೆಗೇ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತದೆ. ವ್ಯಾಕರಣ ಓದುವ ಹುಡುಗನ ಕಣ್ಣೆದುರಿಗೇ ಎತ್ತಿನ ಹಲ್ಲು ಎಣಿಸಿ ವ್ಯಾಪಾರ ಕುದುರಿಸುವ ರೈತರೂ, ಹೊಸ ಯಂತ್ರ ತೋರಿಸುವವರೂ ಇರುತ್ತಾರೆ. 1963ರಲ್ಲಿ ಇದೇ ಮಠ ಇಂಜಿನಿಯರಿಂಗ್ ಕಾಲೇಜು ತೆರೆದದ್ದು ಹಾಗಾಗಿ ನನಗೆ ಆಶ್ಚರ್ಯ ತರುವುದಿಲ್ಲ. ಇದಕ್ಕೂ ನಾಲ್ಕು ವರ್ಷ ಮುಂಚೆ, 1959ರಲ್ಲಿ, ತುಮಕೂರು ತಾಲ್ಲೂಕಿನ ಗೊಲ್ಲಹಳ್ಳಿಯಲ್ಲಿ ಎಚ್.ಎಂ. ಗಂಗಾಧರಯ್ಯನವರು ಹಳ್ಳಿಯ ಬಡ ಮಕ್ಕಳಿಗಾಗಿ ಸಿದ್ಧಾರ್ಥ ಸಂಸ್ಥೆ ಆರಂಭಿಸಿದ್ದರು. ದಲಿತ ಸಮುದಾಯದಿಂದ ಬಂದ ಒಬ್ಬ ಮೇಷ್ಟ್ರು ಕಟ್ಟಿದ ಸಂಸ್ಥೆ ಅದು. ಆ ಕಥೆ ಪ್ರತ್ಯೇಕ ಲೇಖನಕ್ಕೇ ತಕ್ಕದ್ದು.

ಎರಡನೆಯ ಪಾಠಶಾಲೆ ಗುಬ್ಬಿಯದು. ಇದಕ್ಕೆ ಕಟ್ಟಡವಿರಲಿಲ್ಲ, ಡೇರೆ ಇತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಮುಂದೆ ನಾಡಿನ ಬಾಯಲ್ಲಿ ‘ಗುಬ್ಬಿ ಕಂಪನಿ’ ಆಯಿತು. ಬಾಲನಟನಾಗಿ ಸೇರಿದ ಜಿ.ಎಚ್. ವೀರಣ್ಣ ಅದರ ಮಾಲೀಕರಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ಆ ಹೆಸರೊಂದೇ ಸಾಕು, ಕ್ಯಾತ್ಸಂದ್ರಕ್ಕೂ ಗುಬ್ಬಿಗೂ ಇರುವ ನಂಟು ತಿಳಿಯುತ್ತದೆ.

ಕಂಪನಿ ನಾಟಕದ ವೈಭವದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು, ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ಇವೆಲ್ಲ ದಂತಕಥೆಗಳಾಗಿವೆ. ಆದರೆ ಆ ಡೇರೆಯೊಳಗೆ ಬೆಳೆದ ಹುಡುಗರನ್ನು ನೆನೆಯಿರಿ. ಮನೆಯಲ್ಲಿ ಬಡತನವೆಂದೋ, ಶಾಲೆ ಹಿಡಿಸಲಿಲ್ಲವೆಂದೋ, ಹಾಡಿನ ಹುಚ್ಚಿನಿಂದಲೋ ಬಂದ ಎಂಟು ಹತ್ತು ವರ್ಷದವರು. ಬೆಳಿಗ್ಗೆ ಸಂಗೀತದ ಅಭ್ಯಾಸ, ಮಧ್ಯಾಹ್ನ ಮಾತಿನ ತಾಲೀಮು, ರಾತ್ರಿ ಆಟ. ನಡುವೆ ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಬಣ್ಣ ಅರೆಯುವುದು, ಊರು ಬದಲಿಸುವಾಗ ಸಾಮಾನು ಕಟ್ಟುವುದು. ನೂರಾರು ಸಾಲಿನ ಮಾತನ್ನು ಬಾಯಿಪಾಠ ಮಾಡಿ, ಉಚ್ಚಾರ ತಿದ್ದಿಸಿಕೊಂಡು, ಸಾವಿರ ಜನರ ಮುಂದೆ ನಡುಗದೆ ನಿಲ್ಲಬೇಕು. ಎದುರಿನ ನಟ ಮಾತು ಮರೆತರೆ ಅಲ್ಲೇ ಸಂಭಾಳಿಸಬೇಕು. ಇಂದಿನ ಪಟ್ಟಿಯಲ್ಲಿರುವ ‘ಪರಿಣಾಮಕಾರಿ ಸಂವಹನ’, ‘ಸಮಸ್ಯೆ ಬಿಡಿಸುವುದು’ ಎಂದರೆ ಇದಲ್ಲದೆ ಮತ್ತೇನು?

ಇನ್ನೊಂದು ಸಂಗತಿಯನ್ನು ನಾವು ಯೋಚಿಸಿಯೇ ಇಲ್ಲ. ಹೆಂಗಸರು ರಂಗಕ್ಕೆ ಬರುವುದಕ್ಕೆ ಮೊದಲು ಸ್ತ್ರೀಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ಸೀತೆಯೋ ದ್ರೌಪದಿಯೋ ಆಗಿ ಅಳಬೇಕಾದ ಹುಡುಗ, ತುಂಬಿದ ಸಭೆಯಲ್ಲಿ ಅವಮಾನವಾದಾಗ ಹೆಣ್ಣು ಹೇಗೆ ನಿಲ್ಲುತ್ತಾಳೆ ಎಂಬುದನ್ನು ಮೈಯಲ್ಲೇ ಕಲಿಯಬೇಕಿತ್ತು. ಅದರಿಂದ ಅವರೆಲ್ಲ ಒಳ್ಳೆಯ ಗಂಡಂದಿರಾದರು ಎಂದು ಹೇಳಲಾರೆ. ಆದರೆ ಆ ಪಾಠವನ್ನು ಇಂದಿನ ಯಾವ ಟ್ಯೂಷನ್ ಕೇಂದ್ರವೂ ಕಲಿಸುವುದಿಲ್ಲ.

ಶಾಲೆಯಲ್ಲಿ ಪ್ರಾಥಮಿಕ ಹಂತ ದಾಟದ ಮುತ್ತುರಾಜ, ತಂದೆ ಪುಟ್ಟಸ್ವಾಮಯ್ಯನವರ ಜೊತೆ ಈ ಕಂಪನಿಯಲ್ಲಿ ಬೆಳೆದು ರಾಜ್‌ಕುಮಾರ್ ಆದರು. ಕನ್ನಡ ಉಚ್ಚಾರಕ್ಕೆ ನಾಡೇ ಅವರನ್ನು ಮಾದರಿಯಾಗಿ ತೋರಿಸಿತು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬಿ.ವಿ. ಕಾರಂತರ ಪ್ರಸಂಗ. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಅವರು. ಹುಡುಗನಲ್ಲಿ ಕಸುವಿದೆ ಎಂದು ಕಂಡ ವೀರಣ್ಣನವರು ಅವನನ್ನು ಡೇರೆಯಲ್ಲೇ ಇಟ್ಟುಕೊಳ್ಳಲಿಲ್ಲ. ಹಿಂದಿ ಎಂ.ಎ. ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓದಿನ ಜೊತೆ ಸಂಗೀತವನ್ನೂ ಕಲಿತು, 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದ ಕಾರಂತರು 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ದುಡಿಯುವ ಒಂದು ಜೋಡಿ ಕೈಯನ್ನು ಓದಿಗೆ ಬಿಟ್ಟುಕೊಡುವ ಮಾಲೀಕರು ಎಷ್ಟು ಮಂದಿ? ವೀರಣ್ಣನವರಿಗೆ ತಾಲೀಮು ಎಂಬ ಪದದ ಕನ್ನಡ ಅರ್ಥವೂ ಗೊತ್ತಿತ್ತು, ಉರ್ದು ಅರ್ಥವೂ ಗೊತ್ತಿತ್ತು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಂಪನಿಯನ್ನು ಸ್ವರ್ಗವೆಂದು ಚಿತ್ರಿಸುವುದು ಬೇಡ. ಕಾರಂತರಿಗೆ ಸಿಕ್ಕಿದ್ದು ಎಲ್ಲ ಹುಡುಗರಿಗೂ ಸಿಗಲಿಲ್ಲ. ಗಂಟಲು ಒಡೆದ ಮೇಲೆ, ಕಂಪನಿಗಳು ಸಿನಿಮಾದ ಮುಂದೆ ಸೋತ ಮೇಲೆ, ಓದೂ ಇಲ್ಲದೆ ರಂಗವೂ ಇಲ್ಲದೆ ಉಳಿದವರು ಬಹಳ. ಚಂದ್ರಕಲಾ ನಾಟಕ ಮಂಡಳಿ ಕಟ್ಟಿ ‘ಸಂಸಾರ ನೌಕೆ’ಯನ್ನು ಆಡಿದ ಮಹಮದ್ ಪೀರ್ ಅವರಂಥ ದೊಡ್ಡ ನಟನ ಹೆಸರೇ ಇಂದು ನಮ್ಮ ಮೊಹಲ್ಲಾಗಳಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನು ಪರದೆ ಎಳೆದವರನ್ನು ಯಾರು ನೆನೆದಾರು?

ಕುಣಿಗಲ್‌ನದು ಇನ್ನೂ ಹಳೆಯ ಕಥೆ. ಅಲ್ಲಿನ ಕುದುರೆ ಫಾರಂನ ಮೂಲ ಟಿಪ್ಪುವಿನ ಕಾಲಕ್ಕೆ, 1790ರ ಸುಮಾರಿಗೆ ಹೋಗುತ್ತದೆ. ಸೈನ್ಯಕ್ಕೆ ಕುದುರೆ ಬೇಕಿತ್ತು. 1799ರ ನಂತರ ಬ್ರಿಟಿಷರ ಕೈಗೆ ಹೋಯಿತು, ಕಾಲಾನಂತರ ಪಂದ್ಯದ ಕುದುರೆಗಳ ತಾಣವಾಯಿತು. 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಡಲಾಯಿತು. ಫಾರಂನ ಚರಿತ್ರೆಯಲ್ಲಿ ಗೆದ್ದ ಕುದುರೆಗಳ ಹೆಸರು ಸಿಗುತ್ತವೆ. ಅವುಗಳ ಮೈ ತಿಕ್ಕಿದವರ ಹೆಸರು ಸಿಗುವುದಿಲ್ಲ. ಕುದುರೆ ಎಂದ ಮೇಲೆ ಸಯೀಸರು ಬೇಕು, ಲಾಳ ಕಟ್ಟುವ ನಾಲ್‌ಬಂದರು ಬೇಕು, ಜೀನು ಹೊಲಿಯುವವರು ಬೇಕು. ಇವು ಉಸ್ತಾದ್-ಶಾಗಿರ್ದ್ ಪದ್ಧತಿಯಲ್ಲಿ ಕೈಯಿಂದ ಕೈಗೆ ಹೋದ ಕಸುಬುಗಳು. ಹುಡುಗ ಮೊದಲು ಲದ್ದಿ ಎತ್ತಬೇಕು, ಆಮೇಲೆ ಹುಲ್ಲು ಹಾಕಬೇಕು. ಪ್ರಾಣಿಯ ಕಿವಿ ಹಿಂದಕ್ಕೆ ಮಲಗಿತೆಂದರೆ ದೂರ ಸರಿಯಬೇಕು ಎಂದು ತಿಳಿಯಬೇಕು. ಹಟಮಾರಿ ಕುದುರೆಯ ಮುಂದೆ ಸಿಟ್ಟು ಮಾಡಿದವನು ಒದೆ ತಿನ್ನುತ್ತಾನೆ. ಸಿಟ್ಟು ಹಿಡಿದುಕೊಳ್ಳುವ ಪಾಠಕ್ಕೆ ಇದಕ್ಕಿಂತ ಖಡಕ್ ಮೇಷ್ಟ್ರು ಇಲ್ಲ.

ಆದರೆ ಆ ಶಾಗಿರ್ದನಿಗೆ ಅಕ್ಷರ ಸಿಗಲಿಲ್ಲ. ದೊಡ್ಡ ಕೊರತೆ ಇದೇ. ನಾಲ್‌ಬಂದ್, ಪಿಂಜಾರ, ಕಲಾಯಿಗಾರ ಇವು ಕಸುಬಿನ ಹೆಸರುಗಳು, ಈಗ ಕುಟುಂಬಗಳ ಹೆಸರುಗಳಾಗಿಯಷ್ಟೇ ಉಳಿದಿವೆ. ಎತ್ತಿನ ಗಾಡಿ ಹೋಯಿತು, ಲಾಳ ಹೋಯಿತು. ಸ್ಟೀಲ್ ಪಾತ್ರೆ ಬಂತು, ಕಲಾಯಿ ಹೋಯಿತು. ಕೈಯಲ್ಲಿ ಕಲೆಯಿದ್ದೂ ಓದಲು ಬಾರದವನಿಗೆ ಇನ್ನೊಂದು ಕಸುಬಿಗೆ ದಾಟುವ ಸೇತುವೆ ಇರಲಿಲ್ಲ.

ಈ ಸೇತುವೆ ಕಟ್ಟುವ ಪ್ರಯತ್ನಗಳು ನಡೆಯಲಿಲ್ಲ ಎಂದಲ್ಲ. ಸರ್ ಸಯ್ಯದ್ ಅಹಮದ್ ಖಾನ್ 1875ರಲ್ಲಿ ಅಲೀಗಢದಲ್ಲಿ ಮದ್ರಸತುಲ್ ಉಲೂಮ್ ತೆರೆದಾಗ ಪುಸ್ತಕದಷ್ಟೇ ಹಾಸ್ಟೆಲಿಗೂ ಮಹತ್ವ ಕೊಟ್ಟರು. ಒಟ್ಟಿಗೆ ಉಣ್ಣುವುದು, ಚರ್ಚಾಕೂಟ, ಕ್ರಿಕೆಟ್ ಎಲ್ಲ ತರಬಿಯತ್ತಿನ ಭಾಗವೇ. ಆದರೆ ಅಲ್ಲಿ ಕೈಕೆಸರು ಮಾಡಿಕೊಳ್ಳುವ ಕಸುಬಿಗೆ ಜಾಗ ಕಡಿಮೆ ಇತ್ತು. ಅದು ಶರೀಫರ ಮಕ್ಕಳ ಕಾಲೇಜು. ಆ ಕೊರತೆಯನ್ನು ಎದುರಿಸಿದ್ದು 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನ. ಕೈಕಸುಬಿನ ಮೂಲಕವೇ ಗಣಿತ, ಭಾಷೆ, ವಿಜ್ಞಾನ ಕಲಿಸಬೇಕು ಎಂದ ಗಾಂಧೀಜಿಯ ವಿಚಾರಕ್ಕೆ ಪಠ್ಯಕ್ರಮದ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನ್. ಯೋಜನೆಗೆ ಬಿದ್ದ ಹೆಸರು ‘ನಯೀ ತಾಲೀಮ್’. ಚರಕದ ಮುಂದೆ ಕೂತ ಮಗುವಿನ ಓದಿಗೆ ಅರಬಿಯ ಈ ಪದ ಬಂದದ್ದನ್ನು ಗಮನಿಸಿ. ಉರ್ದುವಿನ ತಾಲೀಮ್ ಅಲ್ಲಿ ಕನ್ನಡದ ತಾಲೀಮಿನ ಹತ್ತಿರಕ್ಕೆ ಬಂದಿತ್ತು. ಮುಸ್ಲಿಮ್ ಲೀಗ್ ಅದನ್ನು ರಾಜಕೀಯ ಸಂಶಯದಿಂದ ನೋಡಿತು, ಮಧ್ಯಮ ವರ್ಗದ ಹಿಂದೂಗಳು ತಮ್ಮ ಮಕ್ಕಳಿಗೆ ನೂಲುವುದು ಬೇಡವೆಂದರು. ಎರಡೂ ಕಡೆಯವರು ಸೇರಿ ಒಂದು ಒಳ್ಳೆಯ ವಿಚಾರವನ್ನು ಕೊಂದರು. ನಮ್ಮ ಮೈಸೂರು ರಾಜ್ಯದಲ್ಲಿ 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ, ನಂಜನಗೂಡಿನಿಂದ ಆರಂಭಿಸಿ, ಹಳ್ಳಿಯ ಯುವಕರಿಗೆ ವಿದ್ಯಾಪೀಠಗಳನ್ನು ನಡೆಸಿದರು. ಬೇಸಾಯ, ಸಾಹಿತ್ಯ, ನಾಗರಿಕ ಜವಾಬ್ದಾರಿ ಎಲ್ಲ ಒಂದೇ ಸೂರಿನಡಿ. ಅದೂ ಮರೆವಿಗೆ ಸಂದಿದೆ.

ಮುಸ್ಲಿಮ್ ಸಮುದಾಯದ ಒಳಗೆ 1966 ಒಂದು ಮುಖ್ಯ ವರ್ಷ. ಡಾ. ಮುಮ್ತಾಜ್ ಅಹಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಆರಂಭಿಸಿದರು. ವೈದ್ಯರಾಗಿದ್ದವರು ವೃತ್ತಿ ಬದಿಗಿಟ್ಟು ಶಾಲೆ ಕಟ್ಟಿದರು. 2021ರಲ್ಲಿ ಅವರು ತೀರಿಕೊಂಡಾಗ ಆ ಹೆಸರಿನ ಸಂಸ್ಥೆಗಳು ರಾಜ್ಯದಾಚೆಗೂ ಹರಡಿದ್ದವು, ಎಲ್ಲ ಧರ್ಮದ ಮಕ್ಕಳೂ ಅಲ್ಲಿ ಓದಿದ್ದರು. ಬೀದರಿನಲ್ಲಿ 1989ರಲ್ಲಿ ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ಶಾಹೀನ್ ಸಂಸ್ಥೆ, ಕುರ್‌ಆನ್ ಕಂಠಪಾಠ ಮುಗಿಸಿದ ಹುಡುಗರಿಗೆ ಗಣಿತ ವಿಜ್ಞಾನ ಕಲಿಸಿ ಕಾಲೇಜಿಗೆ ಕಳಿಸುವ ದಾರಿ ತೆರೆಯಿತು. ಇವು ಹೆಮ್ಮೆಯ ಸಂಗತಿಗಳೇ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕ್ಯಾತ್ಸಂದ್ರದ ಪಂಕ್ತಿಯಲ್ಲಿ ಮುಸ್ಲಿಮ್ ಹುಡುಗನಿಗೆ ಎಲೆ ಹಾಕಿದರು. ನಮ್ಮ ಜಮಾಅತುಗಳು ಕಟ್ಟಿದ ಉಚಿತ ಹಾಸ್ಟೆಲುಗಳಲ್ಲಿ ಒಬ್ಬ ಬಡ ಲಿಂಗಾಯತ, ಒಬ್ಬ ಬಡ ದಲಿತ ಹುಡುಗ ಕೂತು ಉಣ್ಣುವ ಪಂಕ್ತಿ ಎಷ್ಟು ಕಡೆ ಇದೆ? ಹೊರಗಿನವರ ಜೊತೆ ಬೆರೆಯುವ ಕೌಶಲವನ್ನು ಹೊರಗಿನವರೇ ಇಲ್ಲದ ಕೋಣೆಯಲ್ಲಿ ಹೇಗೆ ಕಲಿಸುವುದು?

2006ರ ಸಾಚಾರ್ ಸಮಿತಿ ವರದಿಯನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ದೇಶದಲ್ಲಿ 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡ 25ರಷ್ಟು ಶಾಲೆಯ ಮುಖವನ್ನೇ ನೋಡಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು ಅದು ಹೇಳಿತು. ಆದರೆ ಕರ್ನಾಟಕದ ಚಿತ್ರ ಸ್ವಲ್ಪ ಬೇರೆ. 2001ರ ಜನಗಣತಿಯಲ್ಲಿ ರಾಜ್ಯದ ಸರಾಸರಿ ಸಾಕ್ಷರತೆ ಶೇ. 66.6 ಇದ್ದರೆ ಇಲ್ಲಿನ ಮುಸ್ಲಿಮರದು ಶೇ. 70.1 ಇತ್ತು. ಅಂದರೆ ನಮ್ಮ ಹುಡುಗ ಶಾಲೆಗೆ ಹೋಗುತ್ತಾನೆ, ಅಕ್ಷರ ಕಲಿಯುತ್ತಾನೆ. ಅವನು ಕಳೆದುಹೋಗುವುದು ಎಂಟನೇ ತರಗತಿಯಿಂದ ಎಸ್ಸೆಸ್ಸೆಲ್ಸಿಯ ನಡುವಿನ ಆ ಎರಡು ಮೂರು ವರ್ಷಗಳಲ್ಲಿ. ಅವನ ತಂಗಿ ಪಾಸಾಗಿ ಪಿಯುಸಿಗೆ ಹೋಗುತ್ತಾಳೆ. ಅವನು ಗಣಿತದಲ್ಲಿ ಫೇಲಾಗಿ ಗ್ಯಾರೇಜಿಗೋ ವೆಲ್ಡಿಂಗ್ ಶಾಪಿಗೋ ಸೇರುತ್ತಾನೆ. ಅಲ್ಲಿಯೂ ಉಸ್ತಾದ್ ಇದ್ದಾನೆ, ಕಸುಬೂ ಬರುತ್ತದೆ. ಆದರೆ ಬಿಲ್ಲು ಬರೆಯುವುದು, ಗಿರಾಕಿಯ ಜೊತೆ ಮಾತಾಡುವುದು, ಬ್ಯಾಂಕಿನ ಫಾರಂ ತುಂಬುವುದು, ಕೈಗೆ ಬಂದ ಮೊದಲ ಸಂಬಳವನ್ನು ಬೈಕಿನ ಕಂತಿಗೆ ಸುರಿಯದಿರುವುದು ಇವನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ತುಮಕೂರಿನಲ್ಲಿ ಇದರ ಬೆಲೆ ಕಣ್ಣಿಗೆ ಕಾಣುವಂತಿದೆ. ಒಂದು ಕಾಲಕ್ಕೆ ಊರಿನ ಹೆಮ್ಮೆಯಾಗಿದ್ದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಕಥೆ 2016ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನದೊಂದಿಗೆ ಮುಗಿಯಿತು. ಅದೇ ವರ್ಷದ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಒಂದು ಯಂತ್ರವಿದ್ಯೆ ಮುಳುಗಿ ಇನ್ನೊಂದು ಎದ್ದಿತು. ಗುಬ್ಬಿಯ ಶಾಪಿನಲ್ಲಿ ಹತ್ತು ವರ್ಷ ವೆಲ್ಡಿಂಗ್ ಮಾಡಿದ ಹುಡುಗನ ಕೈ ಎಷ್ಟೇ ನಿಖರವಾಗಿರಲಿ, ಸರ್ಟಿಫಿಕೇಟು ಇಲ್ಲದೆ ಅಂಥ ಕಾರ್ಖಾನೆಯ ಗೇಟು ದಾಟಲಾರ. ಐಟಿಐಯಲ್ಲಿ ವೆಲ್ಡರ್‌ನಂಥ ಕೆಲವು ವಿಭಾಗಗಳಿಗೆ ಎಂಟನೇ ತರಗತಿ ಸಾಕು, ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದವಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಂದರೆ ಅವನ ಮತ್ತು ಆ ಗೇಟಿನ ನಡುವೆ ನಿಂತಿರುವುದು ಬಹಳ ಸಲ ಒಂದು ಗಣಿತದ ಪತ್ರಿಕೆ. 2023-24ರಲ್ಲಿ ರಾಜ್ಯದಲ್ಲಿ ವರ್ಷಕ್ಕೆ ಮೂರು ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಅವಕಾಶ ಬಂತು. ಇದು ಎಷ್ಟು ದೊಡ್ಡ ಬಾಗಿಲು ಎಂದು ನಮ್ಮ ಮೊಹಲ್ಲಾಗಳಿಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಬಾಗಿಲು ದಾಟಿಸುವವರು ಯಾರು? ಈಗಿನ ಟ್ಯೂಷನ್ನುಗಳು ಪಾಸಾಗುವವನನ್ನು ತೊಂಬತ್ತಕ್ಕೆ ಏರಿಸುವ ಟ್ಯೂಷನ್ನುಗಳು. ಫೇಲಾದವನಿಗೆ ಅಲ್ಲಿ ನಾಚಿಕೆ. ಅವನಿಗೆ ಬೇಕಾದದ್ದು ಅವನ ಕಸುಬನ್ನೇ ಹಿಡಿದು ಲೆಕ್ಕ ಕಲಿಸುವ ಮೇಷ್ಟ್ರು. ಪೈಪಿನ ಸುತ್ತಳತೆಯಿಂದ ವೃತ್ತ, ಗೇಟಿನ ಓರೆ ಪಟ್ಟಿಯಿಂದ ಪೈಥಾಗೊರಸ್, ಸಾಲದ ಕಂತಿನಿಂದ ಬಡ್ಡಿ. ಅದೇ ಬೆಂಚಿನ ಮೇಲೆ ವಾರಕ್ಕೊಂದು ದಿನ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಕೂರುವುದು, ಮನೆಯಲ್ಲಿ ಜಗಳವಾದಾಗ ಕೈ ಎತ್ತದೆ ಮಾತಾಡುವುದು. ಇದಕ್ಕೆ ದೊಡ್ಡ ಕಟ್ಟಡ ಬೇಡ. ಫ್ಯಾನು, ಟ್ಯೂಬ್‌ಲೈಟು, ಚಾಪೆ ಇರುವ ಹಾಲ್ ಎಷ್ಟೋ ಮಸೀದಿಗಳ ಪಕ್ಕದಲ್ಲಿ ಈಗಾಗಲೇ ಇದೆ. ವೇಳೆಯೊಂದನ್ನು ಬದಲಿಸಬೇಕಾದೀತು. ಗ್ಯಾರೇಜಿನ ಶಟರ್ ಎಳೆಯುವುದು ರಾತ್ರಿ ಎಂಟೂವರೆಗೆ, ನಮ್ಮ ಟ್ಯೂಷನ್ನುಗಳು ಸಂಜೆ ಐದಕ್ಕೆ ಆರಂಭವಾಗಿ ಮಗ್ರಿಬ್ ಅಜಾನಿಗೆ ಮುಗಿದುಹೋಗುತ್ತವೆ. ಇಶಾ ನಮಾಜಿನ ನಂತರ ಆ ಹಾಲಿಗೆ ಬೀಗ ಹಾಕಿರುತ್ತಾರೆ.